ಬಾಯಿ ಕ್ಯಾನ್ಸರ್ ತಪಾಸಣೆ: ಬೆರಳು, ಬಣ್ಣ, ದೀಪ, ಬ್ರಷ್ – ಯಾವುದನ್ನು ಎಷ್ಟು ನಂಬಬಹುದು?

ಬಾಯಿ ಕ್ಯಾನ್ಸರ್ ತಪಾಸಣೆ ಎಂಬ ಹೆಸರಿನಲ್ಲಿ ಸಿಗುವ ಸೇವೆಗಳೆಲ್ಲ ಒಂದೇ ಅಲ್ಲ. ಒಬ್ಬ ವೈದ್ಯರು ಕೈಗವಸು ತೊಟ್ಟು ಬಾಯಿಯ ಮೂಲೆಮೂಲೆಗೂ ಬೆರಳಾಡಿಸಿ ನೋಡುತ್ತಾರೆ. ಇನ್ನೊಬ್ಬರು ನೀಲಿ ಬಣ್ಣ ಹಚ್ಚಿ ಬಾಯಿ ಮುಕ್ಕಳಿಸಲು ಹೇಳುತ್ತಾರೆ. ಮತ್ತೊಂದು ಕಡೆ ಕೋಣೆಯ ದೀಪ ಆರಿಸಿ ನೀಲಿ ಬೆಳಕು ಬಿಡುತ್ತಾರೆ. ಸಣ್ಣ ಬ್ರಷ್‌ನಿಂದ ಉಜ್ಜಿ ಕೋಶ ತೆಗೆಯುವುದುಂಟು, ಜೊಲ್ಲು ತುಂಬಿ ಕಳಿಸುವ ಕೊಳವೆಯೂ ಉಂಟು. ಮೊಬೈಲ್‌ನಲ್ಲಿ ಫೋಟೊ ತೆಗೆದರೆ ಫಲಿತಾಂಶ ಹೇಳುವ ಆ್ಯಪ್ ಕೂಡ ಬಂದಿದೆ. ಇವನ್ನೆಲ್ಲ ಇಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ಅಳೆದಿದ್ದೇವೆ: ಫಲಿತಾಂಶ ಕೈಗೆ ಬಂದ ಮೇಲೆ ರೋಗಿಯ ಮುಂದಿನ ಹೆಜ್ಜೆ ಬದಲಾಗುತ್ತದೆಯೇ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಒಳ್ಳೆಯ ಬೆಳಕು, ಎರಡು ಬಾಯಿಗನ್ನಡಿ, ಒಂದು ತುಂಡು ಗಾಜ್ ಬಟ್ಟೆ, ತಿಳಿದವರ ಬೆರಳು – ಇಷ್ಟರಿಂದ ನಡೆಯುವ ತಪಾಸಣೆಯೇ ಎಲ್ಲಕ್ಕಿಂತ ಮೇಲು. ಅದರಲ್ಲಿ ಅನುಮಾನ ಬಂದರೆ ಉತ್ತರ ಕೊಡುವುದು ಬಯಾಪ್ಸಿ – ಆ ಜಾಗದ ಚಿಕ್ಕ ತುಂಡು ತೆಗೆದು ಪರೀಕ್ಷಿಸುವುದು – ಮಾತ್ರ. ಇವೆರಡರ ನಡುವೆ ಬರುವ ಬಣ್ಣ, ದೀಪ, ಬ್ರಷ್‌ಗಳಿಗೆ ಸೀಮಿತ ಉಪಯೋಗವಿದೆ, ಆದರೆ ಅವುಗಳ ಮಾತು ಕೇಳಿ ಬಯಾಪ್ಸಿಯನ್ನು ಮುಂದೂಡಿದರೆ ಅಪಾಯವೂ ಇದೆ.

ಬಾಯಿ ಕ್ಯಾನ್ಸರ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ಅಂದರೆ ಬಾಯಿಯ ಒಳಪೊರೆಯಲ್ಲೇ ಹುಟ್ಟುವ ಗಡ್ಡೆ. ಹೊಟ್ಟೆಯೊಳಗಿನ ಗಡ್ಡೆಯಂತೆ ಇದು ಮರೆಯಲ್ಲಿರುವುದಿಲ್ಲ. ಬಾಯಿ ತೆರೆದರೆ ಕಣ್ಣಿಗೆ ಬೀಳುತ್ತದೆ, ಬೆರಳಿಗೆ ತಗಲುತ್ತದೆ. ಹೀಗಿದ್ದೂ ಬಹಳಷ್ಟು ಮಂದಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ರೋಗ ಕತ್ತಿನ ಗ್ರಂಥಿಗಳಿಗೆ ಇಳಿದಿರುತ್ತದೆ. ಕಾರಣ ಸರಳ: ಶುರುವಿನಲ್ಲಿ ನೋವಿರುವುದಿಲ್ಲ. ನೋಯುವ ಹುಣ್ಣಿಗೆ ಮದ್ದು ಹುಡುಕುವವರು ನೋಯದ ಹುಣ್ಣನ್ನು ತಿಂಗಳುಗಟ್ಟಲೆ ಬಾಯಲ್ಲಿಟ್ಟುಕೊಂಡು ಓಡಾಡುತ್ತಾರೆ.

ಮಾಮೂಲಿ ಬಾಯಿಹುಣ್ಣು ದುಂಡಗಿರುತ್ತದೆ, ನಡುವೆ ಹಳದಿ ಮಿಶ್ರಿತ ಬಿಳಿ, ಸುತ್ತ ಕೆಂಪು ಉಂಗುರ. ಮುಟ್ಟಿದರೆ ಉರಿ, ಅಂಚು ಮೆತ್ತಗೆ. ಸಾಮಾನ್ಯವಾಗಿ 7ರಿಂದ 14 ದಿನದಲ್ಲಿ ಮಾಯುತ್ತದೆ. ಕ್ಯಾನ್ಸರ್ ಹುಣ್ಣಿನ ಅಂಚು ಎದ್ದು ಹೊರಕ್ಕೆ ಮಡಚಿಕೊಂಡಂತೆ ಇರುತ್ತದೆ, ತಳ ಗಟ್ಟಿ, ಮುಟ್ಟಿದರೆ ರಕ್ತ ಒಸರುತ್ತದೆ. ಆದರೆ ಹುಣ್ಣೇ ಆಗಬೇಕೆಂದಿಲ್ಲ. ಒರೆಸಿದರೂ ಹೋಗದ ಬಿಳಿ ಮಚ್ಚೆ – ಲ್ಯೂಕೋಪ್ಲೇಕಿಯಾ – ಮುಂದೆ ಕ್ಯಾನ್ಸರ್ ಆಗಬಲ್ಲದು. (ಒರೆಸಿದಾಗ ಎದ್ದು ಬಂದು ಕೆಳಗೆ ಕೆಂಪಗೆ ಕಾಣುವ ಬಿಳಿ ಪದರ ಹೆಚ್ಚಾಗಿ ಶಿಲೀಂಧ್ರದ ಸೋಂಕು.) ಅದಕ್ಕಿಂತ ಅಪಾಯಕಾರಿ ಎಂದರೆ ಮಖಮಲ್ಲಿನಂತೆ ನುಣುಪಾಗಿ ಕಾಣುವ ಕೆಂಪು ಮಚ್ಚೆ, ಎರಿತ್ರೋಪ್ಲೇಕಿಯಾ. ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ, ಆದರೆ ಕಾಣಿಸಿಕೊಂಡಾಗ ಬಹುಪಾಲು ಮಚ್ಚೆಗಳಲ್ಲಿ ಕೋಶಗಳು ಆಗಲೇ ಕೆಟ್ಟಿರುತ್ತವೆ ಅಥವಾ ಕ್ಯಾನ್ಸರೇ ಆಗಿರುತ್ತದೆ. ಬಿಳಿ ಮಚ್ಚೆಯ ನಡುವೆ ಕೆಂಪು ಚುಕ್ಕೆಗಳಿದ್ದರೂ ಅದೇ ಎಚ್ಚರ ಬೇಕು. ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಹಲ್ಲು ಕಿತ್ತ ಜಾಗ ಮಾಯದಿರುವುದು, ತುಟಿ ಅಥವಾ ಗಲ್ಲ ಮರಗಟ್ಟುವುದು, ಚೆನ್ನಾಗಿ ಕೂರುತ್ತಿದ್ದ ಹಲ್ಲುಸೆಟ್ಟು ಇದ್ದಕ್ಕಿದ್ದಂತೆ ಒತ್ತುವುದು, ಒಂದೇ ಕಿವಿಯ ನೋವು, ಕತ್ತಿನಲ್ಲಿ ಗಟ್ಟಿ ಗಂಟು – ಇವೂ ಪಟ್ಟಿಯಲ್ಲಿವೆ.

ಅಡಿಕೆ ಅಗಿಯುವವರಲ್ಲಿ ಇನ್ನೊಂದು ಲಕ್ಷಣ ಬಹಳ ಮುಂಚೆಯೇ ಬರುತ್ತದೆ. ಖಾರ ತಾಗಿದರೆ ಬಾಯಿ ಉರಿ, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಹಗ್ಗದಂಥ ಗಟ್ಟಿ ಪಟ್ಟಿಗಳು, ದಿನ ಕಳೆದಂತೆ ಬಾಯಿ ತೆರೆಯುವುದೇ ಕಡಿಮೆ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. ತಮ್ಮದೇ ಮೂರು ಬೆರಳು ನೆಟ್ಟಗೆ ಜೋಡಿಸಿ ಮೇಲಿನ–ಕೆಳಗಿನ ಮುಂಹಲ್ಲುಗಳ ನಡುವೆ ಇಡಲು ಆಗದಿದ್ದರೆ ತೋರಿಸಿಕೊಳ್ಳಬೇಕು. ವಯಸ್ಕರ ಬಾಯಿ ಸಾಮಾನ್ಯವಾಗಿ 35 ಮಿ.ಮೀ.ಗಿಂತ ಹೆಚ್ಚು ತೆರೆಯುತ್ತದೆ. ತಂಬಾಕು ಬೆರೆಸದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ತಂಬಾಕು ಇಲ್ಲವಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ.

ಕಣ್ಣು ಮತ್ತು ಬೆರಳಿನ ತಪಾಸಣೆ

ಸರಿಯಾಗಿ ಮಾಡಿದರೆ ಇದಕ್ಕೆ ಐದಾರು ನಿಮಿಷ ಸಾಕು. ಆದರೆ ‘ಆ’ ಎನ್ನಿಸಿ ಟಾರ್ಚ್ ಬಿಟ್ಟು ಹತ್ತು ಸೆಕೆಂಡಿನಲ್ಲಿ ಮುಗಿಸಿದರೆ ಅದು ತಪಾಸಣೆಯಲ್ಲ. ಕಾಣದೆ ಉಳಿಯುವುದು ರೋಗ ಹೆಚ್ಚಾಗಿ ಬರುವ ಜಾಗಗಳೇ: ನಾಲಿಗೆಯ ಪಕ್ಕದ ಅಂಚಿನ ಹಿಂಭಾಗ, ನಾಲಿಗೆಯ ಅಡಿ, ಕೆನ್ನೆ ಮತ್ತು ಒಸಡು ಕೂಡುವ ಸಂದಿ, ಕೊನೆಯ ದವಡೆಹಲ್ಲಿನ ಹಿಂದಿನ ಮೂಲೆ.

ಹಲ್ಲುಸೆಟ್ಟು ಇದ್ದರೆ ಮೊದಲು ತೆಗೆಸಬೇಕು. ಹೊರಗಿನಿಂದ ಶುರು: ಮುಖದ ಎರಡು ಬದಿ ಒಂದೇ ಸಮ ಇದೆಯೇ, ದವಡೆಯ ಕೆಳಗೆ ಮತ್ತು ಕತ್ತಿನ ಎರಡೂ ಬದಿಯಲ್ಲಿ ಗಂಟು ಸಿಗುತ್ತದೆಯೇ. ನೋಯುವ, ಮೆತ್ತಗಿನ, ಆಚೀಚೆ ಸರಿಯುವ ಗಂಟು ಹೆಚ್ಚಾಗಿ ಸೋಂಕಿನದು. ನೋವಿಲ್ಲದ, ಗಟ್ಟಿಯಾದ, ಸರಿಯದ ಗಂಟಿಗೆ ಹೆದರಬೇಕು. ನಂತರ ತುಟಿಗಳನ್ನು ಮಡಚಿ ಒಳಭಾಗ, ಕನ್ನಡಿಯಿಂದ ಕೆನ್ನೆಯನ್ನು ಎಳೆದು ಹಿಡಿದು ಮೇಲಿನ ಮತ್ತು ಕೆಳಗಿನ ಸಂದಿ, ಒಸಡು.

ನಾಲಿಗೆಯ ಹಂತದಲ್ಲಿ ಗಾಜ್ ಬಟ್ಟೆ ಬೇಕೇಬೇಕು. ನಾಲಿಗೆಯ ತುದಿಯನ್ನು ಗಾಜ್‌ನಿಂದ ಸುತ್ತಿ ಹಿಡಿದು ಮುಂದಕ್ಕೂ ಒಂದು ಪಕ್ಕಕ್ಕೂ ಎಳೆದು, ಕನ್ನಡಿಯಿಂದ ಕೆನ್ನೆ ಸರಿಸಿದಾಗ ಮಾತ್ರ ಹಿಂದಿನ ಅಂಚು ಪೂರ್ತಿ ಕಾಣುತ್ತದೆ. ನಾಲಿಗೆಯನ್ನು ಬರೀ ಹೊರಗೆ ಚಾಚಿಸಿದರೆ ಆ ಭಾಗ ದವಡೆಹಲ್ಲುಗಳ ಮರೆಯಲ್ಲೇ ಉಳಿಯುತ್ತದೆ. ಎರಡೂ ಬದಿ ಹೀಗೆ ನೋಡಿ, ಬೆರಳುಗಳ ನಡುವೆ ಹಿಡಿದು ಒತ್ತಿ ನೋಡಬೇಕು. ಆಮೇಲೆ ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಲು ಹೇಳಿ, ಅಡಿಯಲ್ಲಿ ನಿಂತ ಜೊಲ್ಲನ್ನು ಒರೆಸಿ, ಒಂದು ಬೆರಳು ಬಾಯೊಳಗೆ, ಇನ್ನೊಂದು ಕೈ ಗಲ್ಲದ ಕೆಳಗೆ ಇಟ್ಟು ನಡುವಿನ ಮಾಂಸವನ್ನು ಒತ್ತಿ ನೋಡುವುದು. ಕೊನೆಗೆ ಅಂಗುಳ, ಕಿರುನಾಲಿಗೆಯ ಆಸುಪಾಸು, ಗಂಟಲಿನ ಬಾಗಿಲು.

ಬೆರಳಿಗೆ ನಾವು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಗಡಸುತನ. ಕ್ಯಾನ್ಸರ್ ಒಳಕ್ಕೆ ಇಳಿದ ಜಾಗ ಸುತ್ತಲಿನ ಮಾಂಸಕ್ಕಿಂತ ಗಟ್ಟಿಯಾಗಿರುತ್ತದೆ, ಒಂದು ಚಿಕ್ಕ ಹಲಗೆಯ ಚೂರನ್ನು ಒಳಗೆ ಹುದುಗಿಸಿಟ್ಟ ಹಾಗೆ. ಮೇಲೆ ಅರ್ಧ ಸೆಂಟಿಮೀಟರಿನ ಹುಣ್ಣು ಕಂಡು ಕೆಳಗೆ ಎರಡು ಸೆಂಟಿಮೀಟರ್ ಗಡಸು ಸಿಗಬಹುದು. ಯಾವ ದೀಪಕ್ಕೂ, ಯಾವ ಕ್ಯಾಮೆರಾಗೂ ಇದು ಗೊತ್ತಾಗುವುದಿಲ್ಲ.

ಈ ಸರಳ ವಿಧಾನಕ್ಕೆ ಪುರಾವೆಯೂ ಗಟ್ಟಿಯಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲಿ 35 ವರ್ಷ ದಾಟಿದವರ ಬಾಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಕಣ್ಣಿನಿಂದ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಇಳಿಯಿತು. ಚಟ ಇಲ್ಲದವರೂ ಸೇರಿದ ಇಡೀ ಜನಸಂಖ್ಯೆಯಲ್ಲಿ ಅಷ್ಟು ಖಚಿತ ಲಾಭ ಕಾಣಲಿಲ್ಲ. ಆದ್ದರಿಂದ ತಪಾಸಣೆಯನ್ನು ಮೊದಲು ಯಾರಿಗೆ ಮುಟ್ಟಿಸಬೇಕು ಎಂಬುದರಲ್ಲಿ ನಮಗೆ ಗೊಂದಲವಿಲ್ಲ.

ಮಿತಿಯೂ ಇದೆ. ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರ್‌ಗಳು – ಎಚ್‌ಪಿವಿ 16 ವೈರಸ್‌ನಿಂದ ಬರುವವು ಹೆಚ್ಚಾಗಿ ಇಲ್ಲೇ – ಬಾಯಿಯ ತಪಾಸಣೆಯಲ್ಲಿ ತಪ್ಪಿಸಿಕೊಳ್ಳುತ್ತವೆ. ಅನೇಕರಲ್ಲಿ ಮೊದಲ ಸುಳಿವು ಕತ್ತಿನ ಗಂಟೇ. ಆ ಅನುಮಾನಕ್ಕೆ ಇಎನ್‌ಟಿ ತಜ್ಞರ ಎಂಡೋಸ್ಕೋಪಿ ಬೇಕು.

ಎರಡು ವಾರದ ಗಡುವು

ಚೂಪಾದ ಹಲ್ಲು, ಒತ್ತುವ ಸೆಟ್ಟು, ಬಿಸಿ ತಾಗಿದ್ದು – ಇಂಥ ಕಾರಣ ಕಂಡರೆ ಅದನ್ನು ಮೊದಲು ಸರಿಪಡಿಸಿ ಎರಡು ವಾರ ಕಾಯಬಹುದು. ಎರಡು ವಾರ ಎಂದರೆ ದಿನಾಂಕ ಬರೆದುಕೊಂಡು ಅದೇ ಜಾಗವನ್ನು ಅದೇ ವೈದ್ಯರು ಮತ್ತೆ ನೋಡುವುದು. ಎಡವಟ್ಟಾಗುವುದು ಇಲ್ಲೇ. ಮೊದಲು ವಿಟಮಿನ್ ಮಾತ್ರೆ, ಆಮೇಲೆ ಹುಣ್ಣಿನ ಜೆಲ್, ಆಮೇಲೆ ಆ್ಯಂಟಿಬಯಾಟಿಕ್, ಕೊನೆಗೆ ಸ್ಟೀರಾಯ್ಡ್ ಮುಲಾಮು. ಪ್ರತಿ ಸಲವೂ ಇನ್ನೆರಡು ವಾರ. ಸ್ಟೀರಾಯ್ಡ್ ಹಚ್ಚಿದಾಗ ಸುತ್ತಲಿನ ಊತ ಇಳಿದು ಹುಣ್ಣು ಕಡಿಮೆಯಾದಂತೆ ಕಾಣುತ್ತದೆ, ರೋಗ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಮೇಲ್ನೋಟಕ್ಕೇ ಅಂಚು ಗಟ್ಟಿಯಿದ್ದರೆ, ಕೆಂಪು ಮಚ್ಚೆಯಿದ್ದರೆ, ಕತ್ತಿನಲ್ಲಿ ಗಂಟಿದ್ದರೆ ಈ ಎರಡು ವಾರವನ್ನೂ ಕಾಯಬಾರದು.

ನೀಲಿ ಬಣ್ಣ: ಟೊಲುಯಿಡಿನ್ ಬ್ಲೂ

ಇದು ಡಿಎನ್‌ಎಗೆ ಅಂಟುವ ಬಣ್ಣ. ವೇಗವಾಗಿ ಹೆಚ್ಚುವ ಕೋಶಗಳಲ್ಲಿ ಡಿಎನ್‌ಎ ಹೆಚ್ಚು, ಕೋಶಗಳ ನಡುವಿನ ಸಂದಿಯೂ ಅಗಲ. ಹಾಗಾಗಿ ಅಲ್ಲಿ ಬಣ್ಣ ಹಿಡಿದು ನಿಲ್ಲುತ್ತದೆ. ವಿಧಾನ ಹೀಗಿದೆ: ನೀರಿನಿಂದ ಬಾಯಿ ಮುಕ್ಕಳಿಸುವುದು, ಶೇ 1ರ ಅಸಿಟಿಕ್ ಆಮ್ಲದಿಂದ 20 ಸೆಕೆಂಡ್ ಮುಕ್ಕಳಿಸುವುದು, ಜಾಗವನ್ನು ಗಾಜ್‌ನಿಂದ ಮೆಲ್ಲಗೆ ಒತ್ತಿ ಒಣಗಿಸುವುದು, ಶೇ 1ರ ಬಣ್ಣವನ್ನು ಹತ್ತಿಯಲ್ಲಿ ಹಚ್ಚಿ ಅರ್ಧದಿಂದ ಒಂದು ನಿಮಿಷ ಬಿಡುವುದು, ಮತ್ತೆ ಅಸಿಟಿಕ್ ಆಮ್ಲದಿಂದ ಸುಮಾರು ಒಂದು ನಿಮಿಷ, ಕೊನೆಗೆ ನೀರು. ಗಾಢ ನೀಲಿ ಉಳಿದರೆ ಅನುಮಾನ; ಪೂರ್ತಿ ತೊಳೆದುಹೋದರೆ ಬಣ್ಣ ಹಿಡಿದಿಲ್ಲ ಎಂದರ್ಥ.

ಎರಡನೇ ಸಲದ ಅಸಿಟಿಕ್ ಆಮ್ಲವನ್ನು ಅವಸರದಲ್ಲಿ ಬಿಟ್ಟರೆ ಜೊಲ್ಲು, ಹಲ್ಲಿನ ಪಾಚಿ ಎಲ್ಲವೂ ನೀಲಿಯಾಗಿ ಕಂಡು ಗೊಂದಲವಾಗುತ್ತದೆ. ನಾಲಿಗೆಯ ಮೇಲ್ಮೈ ಸಹಜವಾಗಿಯೇ ಬಣ್ಣ ಹಿಡಿಯುತ್ತದೆ, ಸಾಧಾರಣ ಹುಣ್ಣಿನ ತಳವೂ ಹಿಡಿಯುತ್ತದೆ. ಅಂಥ ಕಡೆ 14 ದಿನದ ನಂತರ ಮತ್ತೆ ಹಚ್ಚಿ ನೋಡುವ ಪದ್ಧತಿ ಇದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು ಕಡೆಯಿಂದ: ದಪ್ಪ ಬಿಳಿ ಮಚ್ಚೆಯ ಮೇಲಿನ ಕೆರಟಿನ್ ಪದರದೊಳಕ್ಕೆ ಬಣ್ಣ ಇಳಿಯುವುದೇ ಇಲ್ಲ. ಕೆಳಗೆ ಕೋಶ ಕೆಟ್ಟಿದ್ದರೂ ಮಚ್ಚೆ ಬಿಳಿಯಾಗಿಯೇ ಉಳಿಯುತ್ತದೆ. ‘ನೀಲಿ ಹಿಡಿಯಲಿಲ್ಲ, ಭಯವಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ದೊಡ್ಡ ಮಚ್ಚೆಯಲ್ಲಿ ಬಯಾಪ್ಸಿಗೆ ಯಾವ ಜಾಗದಿಂದ ತುಂಡು ತೆಗೆಯಬೇಕು ಎಂದು ಗುರುತಿಸಲು ಇದು ಚೆನ್ನಾಗಿ ನೆರವಾಗುತ್ತದೆ. ಆ ಕೆಲಸಕ್ಕೆ ಇಟ್ಟುಕೊಳ್ಳಿ ಎನ್ನುತ್ತೇವೆ.

ನೀಲಿ ದೀಪ

400ರಿಂದ 460 ನ್ಯಾನೋಮೀಟರ್ ತರಂಗದ ನೀಲಿ ಬೆಳಕು ಬಿಟ್ಟು ಸೋಸುಗಾಜಿನ ಮೂಲಕ ನೋಡಿದರೆ ಆರೋಗ್ಯವಂತ ಒಳಪೊರೆ ತಿಳಿ ಹಸಿರಾಗಿ ಹೊಳೆಯುತ್ತದೆ. ಕೋಶ ಕೆಟ್ಟ ಜಾಗ ಆ ಹೊಳಪು ಕಳೆದುಕೊಂಡು ಕಪ್ಪಗೆ ಕಾಣುತ್ತದೆ. ವೆಲ್‌ಸ್ಕೋಪ್ ಈ ಬಗೆಯ ಹೆಸರಾಂತ ಸಾಧನ. ಕೋಣೆ ಕತ್ತಲಾಗಿರಬೇಕು, ರೋಗಿ ರಕ್ಷಣೆಯ ಕನ್ನಡಕ ಹಾಕಿರಬೇಕು.

ನೋಡಲು ಆಕರ್ಷಕ, ನೋವಿಲ್ಲ, ನಿಮಿಷದಲ್ಲಿ ಮುಗಿಯುತ್ತದೆ. ತೊಂದರೆ ಏನೆಂದರೆ ರಕ್ತವೂ ಆ ಬೆಳಕನ್ನು ಹೀರಿಕೊಳ್ಳುತ್ತದೆ. ಊದಿದ ಒಸಡು, ಮಾಮೂಲಿ ಹುಣ್ಣು, ಕೆನ್ನೆ ಕಚ್ಚಿಕೊಂಡ ಜಾಗ, ಲೈಕೆನ್ ಪ್ಲೇನಸ್ ಎಂಬ ಉರಿಯೂತದ ರೋಗ, ಸಹಜ ಕಪ್ಪು ಬಣ್ಣದ ಒಳಪೊರೆ – ಎಲ್ಲವೂ ಕಪ್ಪಗೇ ಕಾಣುತ್ತವೆ. ತಿಳಿದವರು ಬಾಯಿಗನ್ನಡಿಯಂಥ ಉಪಕರಣದ ಹಿಡಿಯಿಂದ ಆ ಜಾಗವನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ: ರಕ್ತ ಸರಿದು ಹಸಿರು ಮರಳಿದರೆ ಊತವಿರಬಹುದು, ಒತ್ತಿದರೂ ಕಪ್ಪಗೇ ಉಳಿದರೆ ಅನುಮಾನ ಹೆಚ್ಚು. ಈ ಒತ್ತುವ ಹಂತ ಬಿಟ್ಟವರ ಕೈಯಲ್ಲಿ ದೀಪ ಸುಮ್ಮನೆ ಭಯ ಹುಟ್ಟಿಸುತ್ತದೆ. ಅಪಾಯದ ಮಚ್ಚೆಯ ಅಂಚು ಎಲ್ಲಿಯವರೆಗೆ ಹರಡಿದೆ ಎಂದು ನೋಡಲು ಶಸ್ತ್ರಚಿಕಿತ್ಸಕರಿಗೆ ಉಪಯೋಗಕ್ಕೆ ಬರುತ್ತದೆ. ಅಸಿಟಿಕ್ ಆಮ್ಲದಿಂದ ಮುಕ್ಕಳಿಸಿದ ಮೇಲೆ ಬಿಳಿ ಹೊಳಪಿನ ಕಡ್ಡಿಯಿಂದ ನೋಡುವ ಇನ್ನೊಂದು ಬಗೆ ಬಿಳಿ ಮಚ್ಚೆಯನ್ನು ಎದ್ದು ಕಾಣಿಸುತ್ತದೆ, ಅಪಾಯ ಹೆಚ್ಚಿರುವ ಕೆಂಪು ಮಚ್ಚೆಯಲ್ಲಿ ಅಷ್ಟು ನೆರವಾಗುವುದಿಲ್ಲ. ಅದು ಬೇಡ ಎನ್ನುವುದೇ ನಮ್ಮ ಸಲಹೆ.

ಅಮೆರಿಕದ ದಂತವೈದ್ಯರ ಸಂಘ 2017ರಲ್ಲಿ ಕೊಟ್ಟ ಮಾರ್ಗದರ್ಶಿಯೂ ಅನುಮಾನದ ಮಚ್ಚೆಗೆ ಬಣ್ಣ, ದೀಪ, ಜೊಲ್ಲು ಪರೀಕ್ಷೆಗಳನ್ನು ಶಿಫಾರಸು ಮಾಡುವುದಿಲ್ಲ. ನೇರವಾಗಿ ಬಯಾಪ್ಸಿ ಮಾಡಿ ಅಥವಾ ತಜ್ಞರಿಗೆ ಕಳಿಸಿ ಎನ್ನುತ್ತದೆ.

ಬ್ರಷ್

ಗಟ್ಟಿ ಎಳೆಗಳ ಚಿಕ್ಕ ಬ್ರಷ್ಷನ್ನು ಮಚ್ಚೆಯ ಮೇಲೆ ಒತ್ತಿ, ಸೂಜಿಮೊನೆಯಷ್ಟು ರಕ್ತ ಕಾಣುವವರೆಗೆ ತಿರುಗಿಸಬೇಕು. ರಕ್ತ ಕಾಣದಿದ್ದರೆ ಮೇಲಿನ ಸತ್ತ ಕೋಶಗಳಷ್ಟೇ ಬಂದಿವೆ, ಆ ಮಾದರಿ ಕೆಲಸಕ್ಕೆ ಬಾರದು. ತೆಗೆದದ್ದನ್ನು ಕೂಡಲೇ ಗಾಜಿನ ಮೇಲೆ ಹರಡಿ ದ್ರಾವಣ ಹಾಕಬೇಕು. ಗಾಳಿಗೆ ಒಣಗಿದರೆ ಕೋಶದ ಆಕಾರ ಕೆಡುತ್ತದೆ. ಬಿಡಿ ಕೋಶಗಳು ಕೆಟ್ಟಿವೆ ಎಂದು ಇದು ಹೇಳಬಲ್ಲದು, ರೋಗ ಪದರ ದಾಟಿ ಕೆಳಗಿಳಿದಿದೆಯೇ ಎಂದು ಹೇಳಲಾರದು. ಅನುಮಾನದ ವರದಿ ಬಂದರೆ ಬಯಾಪ್ಸಿ ಹೇಗೂ ಮಾಡಲೇಬೇಕು. ಕತ್ತರಿಸಿ ತೆಗೆಯಲು ಒಪ್ಪದ ರೋಗಿಯನ್ನು ಒಪ್ಪಿಸಲು ಒಂದು ಮೆಟ್ಟಿಲಾಗಿ ಇದನ್ನು ಬಳಸಬಹುದು, ಅದೇ 2017ರ ಮಾರ್ಗದರ್ಶಿಯೂ ಅಂಥವರಿಗೆ ಇದನ್ನು ಒಪ್ಪುತ್ತದೆ.

ಜೊಲ್ಲು ಪರೀಕ್ಷೆಗಳ ಬಗ್ಗೆ ಹೇಳಲು ಹೆಚ್ಚಿಲ್ಲ: ಸಂಶೋಧನೆ ನಡೆಯುತ್ತಿದೆ, ಬಾಯಲ್ಲಿ ಹುಣ್ಣಿರುವವರು ಅದರ ವರದಿಗೆ ಕಾಯುತ್ತ ಕೂರಬಾರದು. ಆ್ಯಪ್‌ಗಳಿಗೆ ಹಿಂದಿನ ಮೂಲೆ ಕಾಣುವುದಿಲ್ಲ, ಗಡಸು ಗೊತ್ತಾಗುವುದಿಲ್ಲ. ಮಚ್ಚೆಯ ಫೋಟೊ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಲು ಮೊಬೈಲ್ ಒಳ್ಳೆಯದು.

ಬಯಾಪ್ಸಿ

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಈ ಹೆದರಿಕೆಯಿಂದ ಕಳೆದುಹೋಗುವ ತಿಂಗಳುಗಳೇ ರೋಗ ಹರಡಲು ಬಿಡುವುದು. ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ.

ಒಳ್ಳೆಯ ಬಯಾಪ್ಸಿಯ ಗುರುತುಗಳಿವೆ. ಮರವಳಿಕೆಯ ಚುಚ್ಚುಮದ್ದನ್ನು ಹುಣ್ಣಿನ ಒಳಕ್ಕಲ್ಲ, ಅದರ ಸುತ್ತ ಕೊಡಬೇಕು. ಒಳಕ್ಕೆ ಕೊಟ್ಟರೆ ಮಾದರಿ ಊದಿ ಕೆಡುತ್ತದೆ. ತುಂಡನ್ನು ಹುಣ್ಣಿನ ನಡುವಿನಿಂದ ತೆಗೆದರೆ ಕೊಳೆತ ಭಾಗವೇ ಬಂದು ವರದಿ ಏನೂ ಹೇಳದೆ ಹೋಗುತ್ತದೆ. ಅನುಮಾನ ಹೆಚ್ಚಿರುವ ಅಂಚಿನಿಂದ, ಕೆಳಗಿನ ಪದರವೂ ಸೇರುವಷ್ಟು ಆಳವಾಗಿ ತೆಗೆಯಬೇಕು. ಇಕ್ಕಳದಿಂದ ಹಿಚುಕಬಾರದು. ಶೇ 10ರ ಬಫರ್ಡ್ ಫಾರ್ಮಲಿನ್‌ನಲ್ಲಿ, ತುಂಡಿನ ಕನಿಷ್ಠ ಹತ್ತು ಪಟ್ಟು ದ್ರಾವಣದಲ್ಲಿ ಮುಳುಗಿಸಬೇಕು; ನೀರಿಗೋ ಸಲೈನ್‌ಗೋ ಹಾಕಿ ಕಳಿಸಿದರೆ ದಾರಿಯಲ್ಲೇ ಹಾಳಾಗುತ್ತದೆ. ದೊಡ್ಡ ಮಚ್ಚೆಯಲ್ಲಿ ಒಂದಕ್ಕಿಂತ ಹೆಚ್ಚು ಜಾಗದಿಂದ ತೆಗೆಯುವುದು ಸರಿ. ಕ್ಯಾನ್ಸರ್ ಅನುಮಾನವಿದ್ದಾಗ ಹುಣ್ಣನ್ನು ಪೂರ್ತಿ ಕೆತ್ತಿ ತೆಗೆದು ‘ಗುಣವಾಯಿತು’ ಎಂದು ಕಳಿಸುವ ಕಡೆ ಹೋಗಬೇಡಿ. ಮುಂದಿನ ಶಸ್ತ್ರಚಿಕಿತ್ಸಕರಿಗೆ ಗಡ್ಡೆ ಎಲ್ಲಿತ್ತು, ಎಷ್ಟಿತ್ತು ಎಂಬುದೇ ತಿಳಿಯದಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ.

ವರದಿಯಲ್ಲಿ ಡಿಸ್‌ಪ್ಲೇಸಿಯಾ ಎಂದಿದ್ದರೆ ಕೋಶ ಕೆಟ್ಟಿದೆ, ಆದರೆ ಇನ್ನೂ ಕೆಳಗಿಳಿದಿಲ್ಲ. ಸೌಮ್ಯ, ಮಧ್ಯಮ, ತೀವ್ರ ಎಂದು ದರ್ಜೆ ಬರೆದಿರುತ್ತದೆ. ಇನ್ವೇಸಿವ್ ಕಾರ್ಸಿನೋಮಾ ಎಂದಿದ್ದರೆ ಕ್ಯಾನ್ಸರ್ ಪದರ ದಾಟಿ ಕೆಳಗಿಳಿದಿದೆ, ಆಗ ಗಡ್ಡೆಯ ಆಳ ಮುಖ್ಯವಾಗುತ್ತದೆ. 2018ರಿಂದ ಜಾರಿಗೆ ಬಂದ, ಕ್ಯಾನ್ಸರ್‌ನ ಹಂತ ನಿರ್ಣಯದ ನಿಯಮಗಳ ಎಂಟನೇ ಆವೃತ್ತಿಯಲ್ಲಿ ಅಗಲ 2 ಸೆಂ.ಮೀ. ಒಳಗಿದ್ದರೂ ಆಳ 5 ಮಿ.ಮೀ. ದಾಟಿದರೆ ಅದು ಮೊದಲ ಹಂತದ ಗಡ್ಡೆಯಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗದಲ್ಲಿ (2015) ಕತ್ತಿನಲ್ಲಿ ಗಂಟು ಕಾಣದ ಆರಂಭದ ಹಂತದಲ್ಲೇ ಕತ್ತಿನ ಗ್ರಂಥಿಗಳನ್ನೂ ತೆಗೆದವರಲ್ಲಿ ಮೂರು ವರ್ಷದ ನಂತರ ಶೇ 80ರಷ್ಟು ಮಂದಿ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆಯೋಣ ಎಂದು ಕಾದವರಲ್ಲಿ ಶೇ 67.5. ಬಾಯಿಯ ಗಡ್ಡೆ ಚಿಕ್ಕದಾಗಿದ್ದರೂ ಕತ್ತಿನ ಆಪರೇಷನ್ ಯಾಕೆ ಎಂದು ಕೇಳುವವರಿಗೆ ಉತ್ತರ ಇದು.

ಕ್ಯಾನ್ಸರ್ ಇಲ್ಲ ಎಂದು ವರದಿ ಬಂದರೂ ಹುಣ್ಣು ಮಾಯದೆ ಹಾಗೇ ಇದ್ದರೆ ಮತ್ತೊಮ್ಮೆ ಬೇರೆ ಜಾಗದಿಂದ ತುಂಡು ತೆಗೆಸಿ. ತುಂಡು ತಪ್ಪು ಜಾಗದ್ದಾಗಿರಬಹುದು. ಬಿಳಿ ಮಚ್ಚೆ ಉಳಿದಿದ್ದರೆ ಮರುತಪಾಸಣೆಯ ದಿನವನ್ನು ಬರೆಸಿಕೊಂಡೇ ಹೊರಡಿ, ಜೊತೆಗೆ ವರದಿಯ ಪ್ರತಿ ಮತ್ತು ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ಸಂಖ್ಯೆ ಇಟ್ಟುಕೊಳ್ಳಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕಾದಾಗ ಅದೇ ತುಂಡಿನಿಂದ ಹೊಸ ಸ್ಲೈಡ್ ಮಾಡಿಸಬಹುದು, ಮತ್ತೆ ಕತ್ತರಿಸಬೇಕಾಗುವುದಿಲ್ಲ.